ವಿಜಯನಗರದ ಸೈನ್ಯದಲ್ಲಿ ಬೆಂಕಿ ಉಗುಳುವ ರಹಸ್ಯ ಪಡೆ ಇತ್ತೇ?

ಮೊದಲು ಈ ಸಂದೇಶ ಓದಿ.

“ಶಾಲೆಯಲ್ಲಿ ಹೇಳಿಕೊಡದ ಇತಿಹಾಸ!! ವಿಜಯನಗರದ ಅರಸರ ಹತ್ತಿರ 500 ಯೋಧರ ರಹಸ್ಯ ಬೆಂಕಿಪಡೆ ಇತ್ತು. ಬೆನ್ನಿಗೆ ತಾಮ್ರದ ಹಂಡೆ, ಕೈಯಲ್ಲಿ ಕಬ್ಬಿಣದ ಕೊಳವೆ. ನೂರು ಅಡಿ ದೂರದ ಶತ್ರುವಿನ ಮೇಲೆ ಬೆಂಕಿ ಉಗುಳುತ್ತಿದ್ದರು. ಮೈಗೆ ಗಿಡಮೂಲಿಕೆ ಲೇಪ ಹಚ್ಚಿಕೊಂಡಿದ್ದರಿಂದ ಅವರಿಗೆ ಸುಡುತ್ತಿರಲಿಲ್ಲ. ಕೊಳವೆ ತಯಾರಾಗುತ್ತಿದ್ದದ್ದು ಸಂಡೂರಿನ ಗುಡ್ಡದಲ್ಲಿ, ಅದಕ್ಕೇ ಅಲ್ಲಿನ ಮಣ್ಣು ಇವತ್ತಿಗೂ ಕೆಂಪು. ತರಬೇತಿ ಕಂಪ್ಲಿಯ ಹೊಳೆದಂಡೆಯಲ್ಲಿ. ಹಂಪಿಯ ಬಂಡೆಗಳ ಮೇಲಿನ ಕಪ್ಪು ಕಲೆ ಇದೇ ಬೆಂಕಿಯ ಗುರುತು! ಹೊಸಪೇಟೆಯ ಹಿರಿಯರೊಬ್ಬರ ಮನೆಯ ತಾಳೆಗರಿಯಲ್ಲಿ ಎಲ್ಲ ಬರೆದಿದೆ. ವಿಜ್ಞಾನಿಗಳೇ ಬೆರಗಾಗಿದ್ದಾರೆ. ಕನ್ನಡಿಗರಾಗಿದ್ದರೆ 10 ಜನಕ್ಕೆ ಕಳಿಸಿ.”

ಓದಿದಿರಾ? ಈ ಬೆಂಕಿಪಡೆ ಸುಳ್ಳು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ: ಈ ಸಂದೇಶ ಬರೆದವರು ನಾವೇ. ಹತ್ತು ನಿಮಿಷ ಕೂಡ ಬೇಕಾಗಲಿಲ್ಲ. ದಯವಿಟ್ಟು ಈ ಭಾಗವನ್ನಷ್ಟೇ ಕತ್ತರಿಸಿ ಯಾರಿಗೂ ಕಳಿಸಬೇಡಿ.

ಯಾರೋ ಕಳಿಸಿದ ಫಾರ್ವರ್ಡ್ ಹಿಡಿದು ಅವರನ್ನು ನಗೆಪಾಟಲು ಮಾಡುವುದು ನಮಗೆ ಬೇಕಿರಲಿಲ್ಲ. ಇಂಥ ಸಂದೇಶ ಕಳಿಸುವವರು ಹೆಚ್ಚಾಗಿ ನಮ್ಮ ಚಿಕ್ಕಪ್ಪ, ಅತ್ತಿಗೆ, ಹೈಸ್ಕೂಲು ಗೆಳೆಯ. ಅವರಿಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ, ಊರಿನ ಮೇಲಿನ ಅಭಿಮಾನ ಇರುತ್ತದೆ. ಅದಕ್ಕೇ ನಾವೇ ಒಂದನ್ನು ಕಟ್ಟಿ, ಈಗ ನಿಮ್ಮ ಎದುರಿಗೇ ಒಂದೊಂದು ಸಾಲನ್ನೂ ಬಿಚ್ಚುತ್ತಿದ್ದೇವೆ. ನಾಳೆ ನಿಮ್ಮ ಗ್ರೂಪಿಗೆ ಬರುವ ಕಥೆಯಲ್ಲಿ ಊರು ಬೇರೆ ಇರಬಹುದು, ಅರಸ ಬೇರೆ ಇರಬಹುದು. ಕಟ್ಟುವ ರೀತಿ ಇದೇ.

ಸುಳ್ಳಿಗೆ ನಿಜದ ಒಗ್ಗರಣೆ

ನಮ್ಮ ಸಂದೇಶದಲ್ಲಿ ನಿಜವೂ ಇದೆ. ಸಂಡೂರಿನ ಮಣ್ಣು ಕೆಂಪು, ನಿಜ. ಹಂಪಿಯ ಬಂಡೆಗಳ ಮೇಲೆ ಕಪ್ಪು ಪಟ್ಟೆಗಳಿವೆ, ನಿಜ. ಕಂಪ್ಲಿ ಹೊಳೆದಂಡೆಯ ಊರು, ನಿಜ. ಸಂಡೂರಿನಲ್ಲಿ ಕಬ್ಬಿಣದ ಅದಿರಿದೆ, ನಿಜ. ಇವನ್ನೆಲ್ಲ ನೀವು ಕಣ್ಣಾರೆ ಕಂಡಿದ್ದೀರಿ. ಕಂಡ ನಾಲ್ಕು ಸಂಗತಿಗಳ ನಡುವೆ ಕಾಣದ ಒಂದನ್ನು ಸೇರಿಸಿದರೆ ಅದೂ ಕಂಡದ್ದೇ ಅನ್ನಿಸಿಬಿಡುತ್ತದೆ.

ಹಾಗಾದರೆ ಕಂಡದ್ದನ್ನೇ ಮೊದಲು ನೋಡೋಣ. ಸಂಡೂರಿನ ಮಣ್ಣಿಗೆ ಕೆಂಪು ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಮಳೆಯಲ್ಲಿ ಬಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯುವುದೂ ಇದೇ ಜಾತಿಯ ರಾಸಾಯನಿಕ ಕ್ರಿಯೆ. ಅಲ್ಲಿನ ಗುಡ್ಡಗಳಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಅದಿರು ಹೇರಳವಾಗಿದೆ. ಅದರ ಪುಡಿಯ ಬಣ್ಣವೇ ಕೆಂಪು. ಯಾವ ಪಡೆಯೂ ಬೆಂಕಿ ಹಚ್ಚಬೇಕಾಗಿಲ್ಲ.

ಹಂಪಿಯ ಬಂಡೆಗಳ ಮೇಲೆ ಮೇಲಿಂದ ಕೆಳಕ್ಕೆ ಇಳಿದಿರುವ ಕಪ್ಪು ಪಟ್ಟೆಗಳನ್ನು ಸರಿಯಾಗಿ ಗಮನಿಸಿ. ಮಳೆನೀರು ಹರಿದು ಬರುವ ದಾರಿಯಲ್ಲೇ ಅವು ಇರುತ್ತವೆ. ತೇವ ಸಿಕ್ಕಲ್ಲಿ ಸೂಕ್ಷ್ಮ ಪಾಚಿ, ಕಲ್ಲುಹೂವು ಬೆಳೆಯುತ್ತವೆ, ಒಣಗಿದಾಗ ಕಪ್ಪಾಗಿ ಕಾಣುತ್ತವೆ. ಮನುಷ್ಯರು ಕಾಲಿಡದ ಗುಡ್ಡದ ನೆತ್ತಿಯ ಬಂಡೆಗಳಲ್ಲೂ ಇದೇ ಪಟ್ಟೆ ಕಾಣುತ್ತದೆ.

ಫ್ಲೇಮ್‌ಥ್ರೋವರ್ ಅಂದರೆ ಏನು?

ಉರಿಯುವ ಬಾಣ, ಪಂಜು, ಕೋಟೆಯ ಮೇಲಿಂದ ಸುರಿಯುವ ಕುದಿಎಣ್ಣೆ, ಇವೆಲ್ಲ ಯುದ್ಧದಲ್ಲಿ ಬೆಂಕಿಯ ಬಳಕೆಯೇ. ಆದರೆ ಫ್ಲೇಮ್‌ಥ್ರೋವರ್ ಬೇರೆ. ಅದರಲ್ಲಿ ಉರಿಯುವ ದ್ರವ ಒತ್ತಡದಿಂದ ಧಾರೆಯಾಗಿ ಚಿಮ್ಮಬೇಕು, ಕೊಳವೆಯ ಬಾಯಲ್ಲಿ ಹೊತ್ತಿಕೊಳ್ಳಬೇಕು, ಹಿಡಿದವನ ಕೈಯಲ್ಲಿ ಸಿಡಿಯಬಾರದು. ಹೋಳಿಯ ಪಿಚಕಾರಿಯಲ್ಲಿ ಬಣ್ಣದ ನೀರಿನ ಬದಲು ಬೆಂಕಿ ಬಂದರೆ ಹೇಗೋ ಹಾಗೆ.

ಲೋಕದಲ್ಲಿ ಇಂಥ ಆಯುಧ ಇದ್ದದ್ದು ನಿಜ. ಏಳನೆಯ ಶತಮಾನದಲ್ಲಿ ಬೈಜಾಂಟಿಯಮ್ ಸಾಮ್ರಾಜ್ಯದವರು, ಅಂದರೆ ಈಗಿನ ಇಸ್ತಾಂಬುಲ್ ರಾಜಧಾನಿಯಾಗಿದ್ದ ರಾಜ್ಯದವರು, ಹಡಗುಗಳಿಂದ ಶತ್ರು ಹಡಗುಗಳ ಮೇಲೆ ಉರಿಯುವ ದ್ರವ ಚಿಮ್ಮಿಸುತ್ತಿದ್ದರು. ಅದನ್ನು ‘ಗ್ರೀಕ್ ಬೆಂಕಿ’ ಎನ್ನುತ್ತಾರೆ. ಚೀನಾದಲ್ಲಿ 1044ರಲ್ಲಿ ಸಿದ್ಧವಾದ ‘ವುಜಿಂಗ್ ಜೊಂಗ್‌ಯಾವ್’ ಎಂಬ ಯುದ್ಧಶಾಸ್ತ್ರದ ಗ್ರಂಥದಲ್ಲಿ ಪಂಪು ಇರುವ ಬೆಂಕಿಯಂತ್ರದ ವಿವರವಿದೆ. ಬೆನ್ನಿಗೆ ಹೊತ್ತು ನಡೆಯುವ ಯಂತ್ರ ಬಂದದ್ದು ತೀರ ಈಚೆಗೆ. ಜರ್ಮನಿಯ ರಿಚರ್ಡ್ ಫೀಡ್ಲರ್ 1901ರ ಹೊತ್ತಿಗೆ ಅದರ ಮಾದರಿ ಮಾಡಿದ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಜರ್ಮನ್ ಸೈನ್ಯ ಅದನ್ನು ಫ್ರೆಂಚರ, ಬ್ರಿಟಿಷರ ಕಂದಕಗಳ ಮೇಲೆ ಬಳಸಿತು.

ಈಗ ಲೆಕ್ಕ ಹಾಕೋಣ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಬಳಸಿದ ಎಂ2 ಯಂತ್ರದಲ್ಲಿ ಸುಮಾರು 18 ಲೀಟರ್ ಇಂಧನ ಹಿಡಿಯುತ್ತಿತ್ತು. ತುಂಬಿದಾಗ ತೂಕ 31 ಕಿಲೋ ಆಸುಪಾಸು. ಅಷ್ಟೂ ಇಂಧನ ಏಳೆಂಟು ಸೆಕೆಂಡಿನಲ್ಲಿ ಖಾಲಿ! ಕಂಪ್ಲಿಯ ಗದ್ದೆಗಳಲ್ಲಿ ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಪಂಪು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಡಬ್ಬಿ. ನಮ್ಮ ಸಂದೇಶದ 500 ಯೋಧರಿಗೆ ಇಂಥದ್ದೊಂದೊಂದು ಕೊಟ್ಟರೆ, ಒಂದು ಸಲ ತುಂಬಿಸಲು 9,000 ಲೀಟರ್ ಬೇಕು. ಒಂದು ದೊಡ್ಡ ಟ್ಯಾಂಕರಿನಷ್ಟು ಇಂಧನ ಸುಟ್ಟರೂ ಯುದ್ಧ ನಡೆಯುವುದು ಹತ್ತು ಸೆಕೆಂಡಿಗಿಂತ ಕಡಿಮೆ.

ಆ ಇಂಧನ ಯಾವುದು? ಎಳ್ಳೆಣ್ಣೆ, ಹರಳೆಣ್ಣೆ ನಮ್ಮಲ್ಲಿ ಇತ್ತು. ಆದರೆ ಅಡುಗೆಮನೆಯಲ್ಲಿ ಒಮ್ಮೆ ಯೋಚಿಸಿ. ಬಾಣಲೆಯ ಎಣ್ಣೆಗೆ ಉರಿಯುವ ಕಡ್ಡಿ ಅದ್ದಿದರೂ ಅದು ಸುಮ್ಮನೆ ಹೊತ್ತಿಕೊಳ್ಳುವುದಿಲ್ಲ, ದೀಪ ಉರಿಯಲು ಬತ್ತಿ ಬೇಕು. ಎಳ್ಳೆಣ್ಣೆಯ ಆವಿಗೆ ಬೆಂಕಿ ಹಿಡಿಯಬೇಕಾದರೆ ಅದು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಬೇಕು. ಪೆಟ್ರೋಲಿಗೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಸಾಕು. ಆದ್ದರಿಂದಲೇ ಹಳೆಯ ಬೆಂಕಿಯಂತ್ರಗಳೆಲ್ಲ ನೆಲದಿಂದ ಜಿನುಗುವ ಕಲ್ಲೆಣ್ಣೆ, ಅಂದರೆ ನಾಫ್ತಾ ಸಿಗುವ ನಾಡುಗಳ ಸುತ್ತ ಹುಟ್ಟಿದವು. ಪಶ್ಚಿಮ ಏಷ್ಯಾದ ಸೈನ್ಯಗಳಲ್ಲಿ ನಾಫ್ತಾ ಎಸೆಯುವ ಪಡೆಗಳೇ ಇದ್ದವು. ಹಂಪಿಯ ನೆಲ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಅದರಡಿಯಲ್ಲಿ ಕಲ್ಲೆಣ್ಣೆ ಸಿಗುವುದಿಲ್ಲ.

“ಕುದುರೆಗಳು ಬಂದ ದಾರಿಯಲ್ಲೇ ನಾಫ್ತಾನೂ ಬಂದಿರಬಹುದಲ್ಲ?” ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅರೇಬಿಯಾ, ಹೊರ್ಮುಜ್‌ನಿಂದ ಸಮುದ್ರ ದಾಟಿ ಕುದುರೆಗಳು ಬರುತ್ತಿದ್ದವು ನಿಜ. ಆದರೆ ಆ ವ್ಯಾಪಾರದ ಬಗ್ಗೆ ರಾಶಿ ರಾಶಿ ಬರಹ ಉಳಿದಿದೆ. ವಿಜಯನಗರದ ಕಥೆ ಬರೆದ ಪೋರ್ಚುಗೀಸ್ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ನೂರಾರು ಹಂಡೆ ನಾಫ್ತಾ ಬಂದಿದ್ದರೆ ಅದಕ್ಕೂ ಲೆಕ್ಕ, ಸುಂಕ, ಜಗಳ ಇರಬೇಕಿತ್ತು.

ಕಣ್ಣಾರೆ ಕಂಡವರು ಏನು ಬರೆದಿದ್ದಾರೆ?

ವಿಜಯನಗರವನ್ನು ನೋಡಿ ಬರೆದ ಪ್ರವಾಸಿಗರು ಬೆಂಕಿಯ ಬಗ್ಗೆ ಸುಮ್ಮನಿರಲಿಲ್ಲ. 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ, ಹೆರಾತ್‌ನ ಸುಲ್ತಾನ ಶಾರುಖ್‌ನ ರಾಯಭಾರಿಯಾಗಿ ಅಬ್ದುರ್ ರಜಾಕ್ ಬಂದ. ಹಬ್ಬದಲ್ಲಿ ತಾನು ಕಂಡ ಬಾಣ ಬಿರುಸುಗಳ ಬಗೆಗಳನ್ನು ಹೇಳಿ ಮುಗಿಸಲಾಗದು ಎಂಬ ಅರ್ಥದಲ್ಲಿ ಬರೆದಿದ್ದಾನೆ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ರಾತ್ರಿ ಕಂಡ. ಆಕಾಶಕ್ಕೆ ಹಾರುವ ಬಾಣಗಳು, ಉರಿಯುತ್ತಾ ಒಳಗಿಂದ ಪಟಾಕಿ ಸಿಡಿಸುವ ಅಣಕು ಕೋಟೆಗಳು ಅವನ ವಿವರಣೆಯಲ್ಲಿವೆ. ಇವತ್ತು ಮಹಾನವಮಿ ದಿಬ್ಬದ ಮುಂದೆ ನಿಂತು ಸೆಲ್ಫಿ ತೆಗೆಯುತ್ತೇವಲ್ಲ, ಆ ಹಬ್ಬದ ಅರಸನ ಆಸನ ಅದೇ ದಿಬ್ಬದ ಮೇಲಿತ್ತು ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಇನ್ನೊಬ್ಬ ಇಟಲಿಯ ಲುಡೊವಿಕೊ ವರ್ತೇಮಾ. ಅವನ ಪುಸ್ತಕ ಅಚ್ಚಾದದ್ದು 1510ರಲ್ಲಿ. ವಿಜಯನಗರದ ಆನೆಗಳ ಬಗ್ಗೆ ಹೇಳುತ್ತಾ ಅವನೊಂದು ಮುಖ್ಯ ಮಾತು ಬರೆದಿದ್ದಾನೆ. ಈ ಜನ ಬಾಣ ಬಿರುಸು ಮಾಡುವುದರಲ್ಲಿ ನಿಪುಣರು, ಆನೆಗಳಿಗೆ ಬೆಂಕಿಯೆಂದರೆ ತುಂಬ ಭಯ, ಆದ್ದರಿಂದ ಕೆಲವೊಮ್ಮೆ ಆನೆಗಳು ಬೆದರಿ ಓಡುತ್ತವೆ, ಓಡಲು ಶುರುವಾದರೆ ತಡೆಯಲಾಗದು ಎಂಬುದು ಅದರ ಸಾರ.

ಇದನ್ನು ಸೇನಾಪತಿಯ ಕಣ್ಣಿನಿಂದ ನೋಡಿ. ನಿಮ್ಮ ಸೈನ್ಯದ ದೊಡ್ಡ ಬಲವೇ ಆನೆ. ಅದರ ಪಕ್ಕದಲ್ಲೇ 500 ಜನ ಬೆಂಕಿ ಉಗುಳಿದರೆ ಶತ್ರುವಿಗಿಂತ ಮೊದಲು ಬೆದರುವುದು ನಿಮ್ಮದೇ ಆನೆ. ಅದು ತುಳಿಯುವುದು ನಿಮ್ಮದೇ ಕಾಲಾಳುಗಳನ್ನು.

ಹಾಗೆಂದು ಯುದ್ಧದಲ್ಲಿ ಬೆಂಕಿ ಬಳಸುವ ಆಲೋಚನೆ ನಮ್ಮ ದೇಶಕ್ಕೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶತ್ರುವಿನ ಕೋಟೆಗೆ ಬೆಂಕಿ ಹಚ್ಚುವ ಮಿಶ್ರಣಗಳಿವೆ. ಕೋಟೆಯೊಳಗೆ ಗೂಡು ಕಟ್ಟಿರುವ ಹಕ್ಕಿಗಳನ್ನು ಹಿಡಿದು ಬಾಲಕ್ಕೆ ಬೆಂಕಿಯ ಮದ್ದು ಕಟ್ಟಿ ಬಿಡುವ ಉಪಾಯವೂ ಇದೆ. ಮನುಸ್ಮೃತಿಯಲ್ಲಿ ಬೆಂಕಿಯಿಂದ ಉರಿಯುವ ಮೊನೆಯ ಆಯುಧದಿಂದ ಹೊಡೆಯಬಾರದು ಎಂಬ ನಿಷೇಧವಿದೆ. ಅಂದರೆ ಉರಿಯುವ ಬಾಣಗಳು ಇದ್ದವು. ಅದರಿಂದ ಬೆನ್ನಿನ ಹಂಡೆ, ಒತ್ತಡದ ಕೊಳವೆ ಇತ್ತು ಎಂದು ಹೇಳಲು ಬರುವುದಿಲ್ಲ. ಎತ್ತಿನ ಗಾಡಿ ಇತ್ತು ಎಂಬುದರಿಂದ ಬಸ್ಸು ಇತ್ತು ಎಂದಾಗುವುದಿಲ್ಲವಲ್ಲ.

“ರಹಸ್ಯವಾಗಿತ್ತು, ಅದಕ್ಕೇ ದಾಖಲೆ ಇಲ್ಲ”

ಇಂಥ ಫಾರ್ವರ್ಡ್‌ಗಳ ಬೆನ್ನೆಲುಬು ಇದೇ ಸಾಲು. ಪುರಾವೆ ಕೇಳಿದರೆ “ರಹಸ್ಯ ಅಲ್ವಾ?” ಎನ್ನುತ್ತಾರೆ. ಕೇಳಲು ಸರಿ ಎನಿಸುತ್ತದೆ. ಆದರೆ ನಿಜವಾದ ರಹಸ್ಯ ಆಯುಧಗಳ ಚರಿತ್ರೆ ಬೇರೆಯೇ ಹೇಳುತ್ತದೆ.

ಗ್ರೀಕ್ ಬೆಂಕಿಯನ್ನೇ ನೋಡಿ. ಅದರ ಪಾಕವನ್ನು ಬೈಜಾಂಟಿಯಮ್‌ನ ಅರಸರು ಎಷ್ಟು ಗುಟ್ಟಾಗಿ ಇಟ್ಟರೆಂದರೆ, ಏನೇನು ಬೆರೆಸುತ್ತಿದ್ದರೆಂದು ಇವತ್ತಿಗೂ ಖಚಿತವಾಗಿ ತಿಳಿದಿಲ್ಲ. ಆದರೂ ಅಂಥ ಆಯುಧ ಇತ್ತು ಎಂಬುದು ಎಲ್ಲರಿಗೂ ಗೊತ್ತು. ಏಕೆಂದರೆ ಅದರಿಂದ ಹಡಗು ಸುಟ್ಟುಕೊಂಡವರು ಸುಮ್ಮನಿರಲಿಲ್ಲ. ಗುಟ್ಟಾಗಿ ಇಡಬಹುದಾದದ್ದು ಪಾಕ ಮಾತ್ರ. ನೂರಾರು ಜನರ ಎದುರು ಬೆಂಕಿ ಉಗುಳಿದ ಮೇಲೆ ಆಯುಧ ಗುಟ್ಟಾಗಿ ಉಳಿಯುವುದಿಲ್ಲ.

ವಿಜಯನಗರದ ಯುದ್ಧಗಳನ್ನು ಎರಡೂ ಕಡೆಯವರು ಬರೆದಿದ್ದಾರೆ. 1520ರ ರಾಯಚೂರು ಯುದ್ಧದ ಬಗ್ಗೆ ನೂನಿಜ್ ಉದ್ದವಾಗಿ ಬರೆದ. ಆದಿಲ್ ಶಾಹಿಯ ಫಿರಂಗಿಗಳು, ಕೋಟೆ ಗೋಡೆಯ ಮೇಲಿದ್ದವರಿಗೆ ಗುರಿಯಿಟ್ಟ ಪೋರ್ಚುಗೀಸ್ ಕೋವಿಕಾರರು, ಎಲ್ಲ ಅದರಲ್ಲಿದೆ. 1565ರ ರಕ್ಕಸತಂಗಡಿ ಯುದ್ಧದ ಬಗ್ಗೆ ಬಿಜಾಪುರದ ಆಶ್ರಯದಲ್ಲಿದ್ದ ಚರಿತ್ರಕಾರ ಫೆರಿಷ್ತಾ ಬರೆದ. ಫಿರಂಗಿಯ ಬಾಯಿಗೆ ತಾಮ್ರದ ಕಾಸುಗಳನ್ನು ತುಂಬಿ ಹಾರಿಸಿದರೆಂಬ ಸಣ್ಣ ಸಂಗತಿಯನ್ನೂ ಅವನು ಬಿಟ್ಟಿಲ್ಲ. ಸೋತ ಶತ್ರುವಿನ ಹತ್ತಿರ ಬೆಂಕಿ ಉಗುಳುವ 500 ಜನ ಇದ್ದಿದ್ದರೆ, ಗೆಲುವನ್ನು ಇನ್ನೂ ದೊಡ್ಡದಾಗಿ ತೋರಿಸಲು ಅವನೇ ಮೊದಲು ಬರೆಯುತ್ತಿದ್ದ.

ಸಾಮಾನು ಸರಂಜಾಮು ಕೂಡ ಗುರುತು ಬಿಡುತ್ತದೆ. ಮದ್ದಿಗೆ ಬೇಕಾದದ್ದು ಪೆಟ್ಲುಪ್ಪು, ಗಂಧಕ, ಇದ್ದಿಲು. 1547ರಲ್ಲಿ ವಿಜಯನಗರಕ್ಕೂ ಗೋವೆಯ ಪೋರ್ಚುಗೀಸರಿಗೂ ಒಪ್ಪಂದವಾಯಿತು. ಅದರಲ್ಲಿ ಕುದುರೆಯ ಜೊತೆಗೆ ಪೆಟ್ಲುಪ್ಪು ಮತ್ತು ಕಬ್ಬಿಣದ ವ್ಯಾಪಾರದ ಮಾತೂ ಇದೆ. ಮದ್ದಿನ ಉಪ್ಪಿಗೂ ಕಾಗದಪತ್ರ ಇದ್ದ ಕಾಲ ಅದು.

ನಿಜವಾಗಿ ಇದ್ದ ಬೆಂಕಿಯ ಪಡೆ ಎಂಥ ಗುರುತು ಬಿಡುತ್ತದೆ?

ಇದಕ್ಕೆ ಉದಾಹರಣೆ ಕರ್ನಾಟಕದಲ್ಲೇ ಇದೆ. ಹಂಪಿಯಲ್ಲಲ್ಲ, ಮೈಸೂರು ರಾಜ್ಯದಲ್ಲಿ. ಹೈದರ್ ಅಲಿ, ಟಿಪ್ಪು ಸುಲ್ತಾನರ ಸೈನ್ಯದಲ್ಲಿ ರಾಕೆಟ್ ಹಾರಿಸಲೆಂದೇ ತಂಡಗಳಿದ್ದವು. ಬಿದಿರು, ಕಾಗದದ ಬದಲು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ್ದರಿಂದ ಒಳಗಿನ ಒತ್ತಡ ಹೆಚ್ಚು, ಹಾರುವ ದೂರ ಹೆಚ್ಚು. 1780ರ ಪೊಲ್ಲಿಲೂರು ಯುದ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೋತಿತು. ಅದರ ಮದ್ದಿನ ಬಂಡಿಗಳು ಸಿಡಿದದ್ದು ಸೋಲಿಗೆ ಒಂದು ಕಾರಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅವುಗಳನ್ನು ನೋಡಿಕೊಂಡು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ.

ಗುರುತು ಅಷ್ಟಕ್ಕೇ ನಿಲ್ಲಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳನ್ನು ಪುರಾತತ್ವ ಇಲಾಖೆ ಹೊರತೆಗೆಯಿತು. ನಾಸಾ ಕೇಂದ್ರವೊಂದರ ಗೋಡೆಯಲ್ಲಿ ಟಿಪ್ಪುವಿನ ರಾಕೆಟ್ ಯುದ್ಧದ ಚಿತ್ರ ಕಂಡದ್ದನ್ನು ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ವಸ್ತು ಸಿಕ್ಕಿದೆ, ಬಳಸಿದವರ ಮಾತಿದೆ, ಏಟು ತಿಂದವರ ಮಾತಿದೆ, ನಕಲು ಮಾಡಿದವರ ಮಾತಿದೆ. ಇದ್ದ ಪಡೆ ಹೀಗೆ ನಾಲ್ಕೂ ಕಡೆಯಿಂದ ಸಾಕ್ಷಿ ಬಿಡುತ್ತದೆ. ನಮ್ಮ ಬೆಂಕಿಪಡೆಗೆ ಇರುವ ಒಂದೇ ಸಾಕ್ಷಿ ನಾವು ಟೈಪ್ ಮಾಡಿದ ಸಂದೇಶ.

ಹಂಪಿಗೆ ಬೆಂಕಿ ಬಿದ್ದದ್ದು ನಿಜವಲ್ಲವೇ?

ನಿಜ. 1565ರ ನಂತರ ರಾಜಧಾನಿಯ ಹಲವು ಭಾಗ ಸುಟ್ಟಿತು. ಅರಮನೆಯ ಆವರಣಕ್ಕೆ ಹೋದರೆ ನಿಮಗೆ ಕಾಣುವುದು ಹೆಚ್ಚಾಗಿ ಕಲ್ಲಿನ ಜಗಲಿಗಳು. ಮೇಲಿನ ಕಟ್ಟಡ ಎಲ್ಲಿ? ಅದು ಮರದ್ದು. ಅರಸರ ಸಭಾಂಗಣ ಎಂದು ಗುರುತಿಸುವ ಜಾಗದಲ್ಲಿ ನೂರು ಕಂಬಗಳ ನೆಲೆಗಳು ಮಾತ್ರ ಉಳಿದಿವೆ, ಕಂಬಗಳಿಲ್ಲ. ಮರದ ಕಂಬ, ಮರದ ತೊಲೆ ಇರುವ ಕಟ್ಟಡವನ್ನು ಸುಡಲು ವಿಶೇಷ ಯಂತ್ರ ಬೇಡ, ಒಂದು ಪಂಜು ಸಾಕು. ಪಕ್ಕದಲ್ಲೇ ಕಮಲ ಮಹಲು, ಗಜಶಾಲೆಗಳು ನಿಂತಿರುವುದನ್ನು ಗಮನಿಸಿ. ಅವು ಕಲ್ಲು, ಗಾರೆಯ ಕಟ್ಟಡಗಳು.

ಕಲ್ಲಿಗೂ ಬೆಂಕಿಯಿಂದ ಪೆಟ್ಟಾಗುತ್ತದೆ. ಗ್ರಾನೈಟಿನಲ್ಲಿರುವ ಬೆಣಚು 573 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ತಟ್ಟನೆ ಹಿಗ್ಗುತ್ತದೆ. ಪಕ್ಕದ ಖನಿಜಗಳು ಅಷ್ಟು ಹಿಗ್ಗುವುದಿಲ್ಲ. ಆಗ ಕಲ್ಲು ಪದರು ಪದರಾಗಿ ಸಿಡಿಯುತ್ತದೆ. ಅದಕ್ಕೆ ಕಟ್ಟಿಗೆ ಒಟ್ಟಿ ಗಂಟೆಗಟ್ಟಲೆ ಉರಿಸಬೇಕು, ಏಳು ಸೆಕೆಂಡಿನ ಜ್ವಾಲೆಯಿಂದ ಆಗುವ ಕೆಲಸವಲ್ಲ.

ನಾಶ ಎಲ್ಲ ಕಡೆ ಒಂದೇ ರೀತಿ ಆಗಲಿಲ್ಲ ಎಂಬುದನ್ನು ಪುರಾತತ್ವಜ್ಞರಾದ ಮಾರ್ಕ್ ಲೈಸೆಟ್ ಮತ್ತು ಕ್ಯಾಥ್ಲೀನ್ ಮಾರಿಸನ್ 2013ರ ಲೇಖನದಲ್ಲಿ ಚರ್ಚಿಸಿದ್ದಾರೆ. ವಿರೂಪಾಕ್ಷನ ಗುಡಿ ಉಳಿಯಿತು. ಇವತ್ತಿಗೂ ಅಲ್ಲಿ ಪೂಜೆ ನಡೆಯುತ್ತದೆ.

ಕಂಪ್ಲಿಯ ಬೆಂಕಿಯ ನೆನಪು ಇನ್ನೂ ಹಳೆಯದು, ಇನ್ನೂ ದುಃಖದ್ದು. ವಿಜಯನಗರ ಹುಟ್ಟುವ ಮೊದಲು, 1327ರ ಸುಮಾರಿಗೆ, ಮಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಕಂಪಿಲಿಯ ಮೇಲೆ ಬಂದಿತು. ಆಶ್ರಯ ಕೇಳಿ ಬಂದಿದ್ದ ಬಹಾಉದ್ದೀನ್ ಗುರ್ಷಾಸ್ಪ್‌ನನ್ನು ಕಂಪಿಲರಾಯ ಬಿಟ್ಟುಕೊಡಲಿಲ್ಲ. ಸೋಲು ಖಚಿತವಾದಾಗ ದೊಡ್ಡ ಬೆಂಕಿ ಹಾಕಿಸಿ, ಅರಮನೆಯ ಹೆಂಗಸರು ಅದರಲ್ಲಿ ಬಿದ್ದು ಪ್ರಾಣ ಬಿಟ್ಟರೆಂದು ಕೆಲವು ವರ್ಷಗಳ ನಂತರ ಭಾರತಕ್ಕೆ ಬಂದ ಇಬ್ನ್ ಬತೂತ ಬರೆದಿದ್ದಾನೆ. ಬಂದವನ ಧರ್ಮ ಕೇಳದೆ, ಕೊಟ್ಟ ಮಾತಿಗೆ ಮನೆಯನ್ನೇ ಕಳೆದುಕೊಂಡ ಅರಸನ ಈ ಕಥೆ ನಮ್ಮ ಎಷ್ಟು ಗ್ರೂಪುಗಳಲ್ಲಿ ಬಂದಿದೆ? ಕಟ್ಟುಕಥೆ ಹಂಚುವ ಭರದಲ್ಲಿ ನಡೆದ ಕಥೆ ಹಿಂದೆ ಬೀಳುತ್ತದೆ.

ಮೈಗೆ ಲೇಪ ಹಚ್ಚಿದರೆ ಬೆಂಕಿ ಸುಡುವುದಿಲ್ಲವೇ?

ನಮ್ಮ ಸಂದೇಶದಲ್ಲಿ ಎಲ್ಲಕ್ಕಿಂತ ಅಪಾಯಕಾರಿ ಸಾಲು ಇದು. ಪಡೆ ಇತ್ತೋ ಇಲ್ಲವೋ ಎಂಬುದರಿಂದ ಯಾರ ಕೈಯೂ ಸುಡುವುದಿಲ್ಲ. ಲೇಪದ ಮಾತು ನಂಬಿದರೆ ಸುಡುತ್ತದೆ.

ಲೋಳೆಸರ ಇರಲಿ, ಅರಿಶಿನ ಇರಲಿ, ಯಾವ ಸೊಪ್ಪಿನ ರಸವೇ ಇರಲಿ, ಉರಿಯುವ ಇಂಧನದಿಂದ ಚರ್ಮವನ್ನು ಕಾಪಾಡುವುದಿಲ್ಲ. ಒದ್ದೆ ಲೇಪದಲ್ಲಿರುವ ನೀರು ಒಂದು ಗಳಿಗೆ ಶಾಖ ಹೀರಬಹುದು, ಆಮೇಲೆ ಅದೇ ಕುದಿಯುವ ಆವಿಯಾಗಿ ಚರ್ಮ ಬೇಯಿಸುತ್ತದೆ.

“ಹಾಗಾದರೆ ಮೊಹರಂನಲ್ಲಿ, ಜಾತ್ರೆಯಲ್ಲಿ ಕೆಂಡ ಹಾಯುವವರ ಕಾಲು ಯಾಕೆ ಸುಡುವುದಿಲ್ಲ?” ನಮ್ಮ ಭಾಗದಲ್ಲಿ ಹಿಂದೂ ಮುಸ್ಲಿಮರೆನ್ನದೆ ಎಲ್ಲರೂ ನೋಡಿ ಬೆಳೆದ ದೃಶ್ಯ ಅದು. ಅವರ ಭಕ್ತಿಯ ಬಗ್ಗೆ ನಮಗೆ ಗೌರವವಿದೆ. ವಿಜ್ಞಾನ ಹೇಳುವುದು ಇಷ್ಟು: ಇದ್ದಿಲಿನ ಕೆಂಡ ಮತ್ತು ಅದರ ಮೇಲಿನ ಬೂದಿ ಶಾಖವನ್ನು ನಿಧಾನವಾಗಿ ದಾಟಿಸುತ್ತವೆ. ಹೆಜ್ಜೆ ಅದರ ಮೇಲೆ ಇರುವುದು ಒಂದು ಕ್ಷಣಕ್ಕಿಂತ ಕಡಿಮೆ. ಬಿಸಿ ಓವನ್ನಿನೊಳಗಿನ ಗಾಳಿಗೆ ಕೈ ಹಾಕಬಹುದು, ಅದೇ ಬಿಸಿಯ ತಟ್ಟೆ ಮುಟ್ಟಲಾಗದು, ಹಾಗೆ. ಕೆಂಡದ ಮೇಲೆ ನಿಂತುಬಿಟ್ಟರೆ, ಬಿದ್ದರೆ, ಸುಟ್ಟೇ ಸುಡುತ್ತದೆ. ಪೆಟ್ರೋಲು, ಸೀಮೆಎಣ್ಣೆ ಹಾಗಲ್ಲ. ಅವು ಚರ್ಮಕ್ಕೂ ಬಟ್ಟೆಗೂ ಅಂಟಿಕೊಂಡು ಉರಿಯುತ್ತಲೇ ಇರುತ್ತವೆ.

ಬಾಯಲ್ಲಿ ಸೀಮೆಎಣ್ಣೆ ತುಂಬಿ ಬೆಂಕಿ ಊದುವ ವಿಡಿಯೊಗಳನ್ನು ಮಕ್ಕಳು ನೋಡುತ್ತಾರೆ. ಅದರ ಕೆಳಗೆ “ನಮ್ಮ ಪೂರ್ವಜರ ವಿದ್ಯೆ” ಎಂದು ಬರೆದಿದ್ದರೆ ಮಾಡಿ ನೋಡುವ ಆಸೆ ಇನ್ನೂ ಹೆಚ್ಚು. ಮುಖ ಸುಡುವುದು ಒಂದು ಅಪಾಯ. ಇನ್ನೊಂದು ಕಣ್ಣಿಗೆ ಕಾಣದ್ದು: ಉಸಿರಿನ ಜೊತೆ ಸ್ವಲ್ಪ ಎಣ್ಣೆ ಶ್ವಾಸಕೋಶಕ್ಕೆ ಇಳಿದರೂ ಕೆಲವೇ ಗಂಟೆಗಳಲ್ಲಿ ತೀವ್ರ ನ್ಯುಮೋನಿಯಾದಂಥ ಉರಿಯೂತ ಶುರುವಾಗಬಹುದು. ಹೀಗಾದರೆ ವಾಂತಿ ಮಾಡಿಸಬೇಡಿ. ವಾಂತಿಯಲ್ಲಿ ಎಣ್ಣೆ ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಮುಖ ಮುಚ್ಚಿಕೊಂಡು ನೆಲದ ಮೇಲೆ ಬಿದ್ದು ಹೊರಳಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಉಂಗುರ, ಬಳೆ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆ ಎಳೆಯಬೇಡಿ. ಟೂತ್‌ಪೇಸ್ಟ್, ತುಪ್ಪ, ಇಂಕು, ಐಸ್ ಯಾವುದೂ ಬೇಡ. ಸ್ವಚ್ಛವಾದ ಬಟ್ಟೆ ಸಡಿಲವಾಗಿ ಮುಚ್ಚಿ 108ಕ್ಕೆ ಕರೆ ಮಾಡಿ.

ಹಂಪಿಯ ಕಲ್ಲಿಗೂ ಇದರಿಂದ ಏಟು

“ರಹಸ್ಯ ಆಯುಧಾಗಾರ ಗುಡ್ಡದಡಿ ಇದೆ” ಎಂಬ ಇನ್ನೊಂದು ಸಾಲು ಸೇರಿಸಿದರೆ ಸಾಕು, ಹಾರೆ ಗುದ್ದಲಿ ಹಿಡಿದು ರಾತ್ರಿ ಹೋಗುವವರು ಹುಟ್ಟುತ್ತಾರೆ. ಮೊಬೈಲ್ ಮೋಜು ಕಲ್ಲನ್ನು ಉರುಳಿಸಿದ್ದನ್ನು ನಾವು ನೋಡಿದ್ದೇವೆ. ಹಂಪಿಯಲ್ಲಿ ಯುವಕರು ಕಂಬ ಕೆಡವುವ ವಿಡಿಯೊ 2019ರಲ್ಲಿ ಎಲ್ಲೆಡೆ ಹರಡಿತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಅವರಿಂದಲೇ ಕಂಬ ಎತ್ತಿ ನಿಲ್ಲಿಸಿತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಮುಂದಿನ ಫಾರ್ವರ್ಡ್ ಬಂದಾಗ

ಐದು ಪ್ರಶ್ನೆ ಕೇಳಿಕೊಳ್ಳಿ. ಯಾವ ಅರಸ, ಯಾವ ವರ್ಷ? ನಮ್ಮ ಸಂದೇಶದಲ್ಲಿ ಎರಡೂ ಇರಲಿಲ್ಲ. ಬರೆದದ್ದು ಎಲ್ಲಿದೆ? “ಹಿರಿಯರೊಬ್ಬರ ಮನೆ” ಎಂಬುದು ವಿಳಾಸವಲ್ಲ. ಯಾವ ವಿಜ್ಞಾನಿ? ಹೆಸರಿಲ್ಲದ ವಿಜ್ಞಾನಿ ಬೆರಗಾದರೆ ಅದು ಸಾಕ್ಷಿಯಲ್ಲ. ಎದುರಾಳಿಗಳು ಏನು ಬರೆದಿದ್ದಾರೆ? ಹಂಚದಿದ್ದರೆ ನಾನು ಕನ್ನಡಿಗನಲ್ಲ ಎಂದು ಹೆದರಿಸುತ್ತಿದೆಯೇ? ಹೆದರಿಸುವ ಸಂದೇಶಕ್ಕೆ ಎರಡು ನಿಮಿಷ ಹೆಚ್ಚು ಕೊಡಿ.

ಗ್ರೂಪಿನಲ್ಲಿ ಹಿರಿಯರಿಗೆ “ಇದು ಸುಳ್ಳು” ಎಂದು ನೇರ ಹೇಳಲು ಮುಜುಗರವಾದರೆ, ಕೆಳಗಿನದನ್ನು ನಕಲು ಮಾಡಿ ಕಳಿಸಿ. ಇದನ್ನು ಎಷ್ಟು ಜನಕ್ಕೆ ಬೇಕಾದರೂ ಕಳಿಸಬಹುದು.

“ಚಿಕ್ಕಪ್ಪಾ, ವಿಜಯನಗರದ ಬೆಂಕಿಪಡೆಗೆ ಸಾಕ್ಷಿ ಇಲ್ಲವಂತೆ. ಆದರೆ ಮಹಾನವಮಿಯ ಬಾಣ ಬಿರುಸನ್ನು ಅಬ್ದುರ್ ರಜಾಕ್, ಪಾಯಸ್ ಕಣ್ಣಾರೆ ಕಂಡು ಬರೆದಿದ್ದಾರೆ. ನಗರದ ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕಿವೆ. ಮೈಗೆ ಏನೇ ಹಚ್ಚಿದರೂ ಬೆಂಕಿ ಸುಡುತ್ತದೆ, ಮಕ್ಕಳಿಗೆ ಹೇಳಿ. ಸುಟ್ಟರೆ 20 ನಿಮಿಷ ತಣ್ಣೀರು, ಆಮೇಲೆ 108. ಮುಂದಿನ ಸಲ ಊರಿಗೆ ಬಂದಾಗ ಮಹಾನವಮಿ ದಿಬ್ಬಕ್ಕೆ ಒಟ್ಟಿಗೆ ಹೋಗೋಣ.”